ಸೆಟ್ಟಿಂಗ್ಸಿನಲ್ಲಿ ಇಂಗ್ಲಿಷ್ ಇಲ್ಲ

"ಆಂಟಿ, ಈ ತಾತ ಇಂಗ್ಲಿಷಲ್ಲಿ ಯಾಕೆ ಹೇಳಲ್ಲ? ಸೆಟ್ಟಿಂಗ್ಸ್ ಎಲ್ಲಾ ಹುಡುಕಿದೆ, ಎಲ್ಲೂ ಇಲ್ಲ."

ಪಕ್ಕದ ಮನೆಯ ಕನ್ನಡದ ಹುಡುಗನಿಗೆ ಒಂಬತ್ತು ವರ್ಷ, ಹುಟ್ಟಿದ್ದು ಇಲ್ಲೇ ಅಲಾಸ್ಕದ ಆಂಕರೇಜಿನಲ್ಲಿ. ಆಡುತ್ತಿದ್ದದ್ದು 'ನೆವರ್ ಅಲೋನ್' ಎಂಬ ವಿಡಿಯೋ ಗೇಮ್. ಅವನು ಹೇಳಿದ್ದು ನಿಜ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಸಿಗುತ್ತದೆ, ಕಥೆ ಹೇಳುವ ದನಿ ಮಾತ್ರ ಅಲಾಸ್ಕದ ಮೂಲನಿವಾಸಿಗಳ ಇನ್ಯುಪಿಯಾಕ್ ಭಾಷೆಯದು. ಜೇಮ್ಸ್ ನಾಗೆಯಾಕ್ ಅವರ ದನಿ ಅದು. ಬೇಡವೆಂದರೆ ಶಬ್ದವನ್ನೇ ಕಡಿಮೆ ಮಾಡಿಕೊಳ್ಳಬೇಕು. ಆಟಕ್ಕೆ ಆ ಭಾಷೆಯಲ್ಲೂ ಒಂದು ಹೆಸರಿದೆ: 'ಕಿಸಿಮಾ ಇಂಗಿಚುನಾ', ಅಂದರೆ 'ನಾನು ಒಂಟಿಯಲ್ಲ'.

2014ರ ನವೆಂಬರಿನಲ್ಲಿ ಬಂದ ಆಟ. ಇದರ ಹಿಂದಿರುವುದು ಇದೇ ಊರಿನ ಮೂಲನಿವಾಸಿಗಳ ಸೇವಾಸಂಸ್ಥೆ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್. ಸರ್ಕಾರದ ಅನುದಾನವನ್ನೇ ನೆಚ್ಚಿ ಕೂರದೆ ಸ್ವಂತ ಆದಾಯ ಬೇಕೆಂದು ಹೊರಟು, ವಿಡಿಯೋ ಗೇಮಿಗೆ ಕೈಹಾಕಿತು. ಕಟ್ಟಿದ ಕಂಪನಿಯ ಹೆಸರು 'ಅಪ್ಪರ್ ಒನ್ ಗೇಮ್ಸ್'. ಅಲಾಸ್ಕದವರು ಕೆಳಗಿನ ಅಮೆರಿಕದ 48 ರಾಜ್ಯಗಳನ್ನು 'ಲೋವರ್ 48' ಎನ್ನುತ್ತಾರಲ್ಲ, ಅದಕ್ಕೆ ಕೊಟ್ಟ ಕುಟುಕು.

ಕಥೆ ಇಷ್ಟು. ನಿಲ್ಲದ ಹಿಮಗಾಳಿಯಿಂದ ಊರಿಗೆ ಬೇಟೆಯಿಲ್ಲ, ಊಟವಿಲ್ಲ. ನೂನಾ ಎಂಬ ಹುಡುಗಿ ಗಾಳಿಯ ಮೂಲ ಹುಡುಕಿ ಹೊರಡುತ್ತಾಳೆ, ಜೊತೆಗೊಂದು ಬಿಳಿ ನರಿ. ಮೂಲ ಕಥೆ ಹೇಳಿದವರು ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್. ಅವರು ಈಗಿಲ್ಲ. ತಂಡದವರು ಹುಡುಕಿಕೊಂಡು ಹೋಗಿ ಅವರ ಮಗಳು ಮಿನಿ ಗ್ರೇ ಅವರ ಒಪ್ಪಿಗೆ ಪಡೆದರು. ಮೂಲದ ಗಂಡುಹುಡುಗ ಆಟದಲ್ಲಿ ಹೆಣ್ಣಾದದ್ದು ಆಮೇಲೆ.

ಆಡುವವರಿಗೆ ಒಂದಿಷ್ಟು. ಏಣಿ, ಹಗ್ಗ ಹತ್ತುವುದು, ಪೆಟ್ಟಿಗೆ ತಳ್ಳುವುದು ಹುಡುಗಿಯ ಕೆಲಸ. ಗೋಡೆಯನ್ನು ಕಾಲಲ್ಲಿ ಒದ್ದು ಏರುವುದು, ಸಂದಿಯಲ್ಲಿ ನುಸುಳುವುದು ನರಿಯದು. ಗಾಳಿ ಎದುರಿಗಿದ್ದರೆ ಬಗ್ಗಿ ಕೂರಬೇಕು, ಇಲ್ಲದಿದ್ದರೆ ಹಿಂದಕ್ಕೆ ಎಸೆಯುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ದಾಟಲಾಗದ ಬಿರುಕನ್ನೂ ದಾಟಿಸುತ್ತದೆ. ಅದಕ್ಕೇ ಬಿರುಕಿನ ಅಂಚಿಗೆ ಬಂದೊಡನೆ ಹಾರಬಾರದು, ಬೀಸು ಬರುವವರೆಗೆ ಕಾಯಬೇಕು. ನಮ್ಮ ಹುಡುಗ ಸತ್ತದ್ದೆಲ್ಲ ಇಲ್ಲೇ.

ಗೂಬೆಮನುಷ್ಯನಿಗೆ ಅವನ ತಮಟೆ ಹಿಂದಿರುಗಿಸಿದರೆ ಬೋಲಾ ಸಿಗುತ್ತದೆ. ತೂಕ ಕಟ್ಟಿದ ದಾರಗಳ ಗೊಂಚಲು, ಹಕ್ಕಿ ಹೊಡೆಯುವ ಸಾಧನ. ಎಸೆಯಲು ಬಲಗಡೆಯ ಸ್ಟಿಕ್ಕನ್ನು ಗುರಿಯ ವಿರುದ್ಧ ದಿಕ್ಕಿಗೆ ಎಳೆದು ಬಿಡಬೇಕು, ಕವಣೆಯ ರಬ್ಬರ್ ಎಳೆದ ಹಾಗೆ. ಇದು ಆಗಾಗ ಗುರಿ ತಪ್ಪುತ್ತದೆ, ತಪ್ಪು ನಿಮ್ಮದಲ್ಲ.

ದೊಡ್ಡ ತೊಡಕೆಂದರೆ ನರಿ ಹತ್ತಿರವಿದ್ದಾಗಲೇ ಕಾಣುವ ಆತ್ಮಗಳು. ಅವುಗಳ ಮೇಲೆ ಕಾಲಿಟ್ಟು ಹುಡುಗಿ ಮುಂದೆ ಹೋಗಬೇಕು. ಒಬ್ಬರೇ ಆಡುವಾಗ ಇನ್ನೊಂದನ್ನು ಯಂತ್ರ ನಡೆಸುತ್ತದೆ. ಅದು ಹೊತ್ತುಗೊತ್ತಿಲ್ಲದೆ ಜಿಗಿದು ಸಾಯುತ್ತದೆ, ಒಂದು ಸತ್ತರೆ ಎರಡಕ್ಕೂ ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಎರಡು ಕಂಟ್ರೋಲರ್ ಇಟ್ಟುಕೊಂಡು ಇಬ್ಬರು ಪಕ್ಕಪಕ್ಕ ಕೂರುವುದೇ ದಾರಿ. ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟಕ್ಕೇ ಎದ್ದುಹೋಗಬೇಡಿ, ಇನ್ಯುಪಿಯಾಕ್ ಜನರ ಬದುಕಿನ ಬಗ್ಗೆ ನಡುನಡುವೆ ತೆರೆದುಕೊಳ್ಳುವ 24 ಕಿರುಚಿತ್ರಗಳಿವೆ. ಕೆಲವನ್ನು ತೆರೆಯಲು ದಾರಿಬದಿಯ ಗೂಬೆಗಳನ್ನು ಹುಡುಕಬೇಕು. ರಾತ್ರಿಯ ಆಕಾಶದಲ್ಲಿ ಕುಣಿಯುವ 'ಉತ್ತರದ ಬೆಳಕಿನಲ್ಲಿ' (ಅರೋರಾ) ಸತ್ತ ಮಕ್ಕಳ ಆತ್ಮಗಳಿರುತ್ತವೆ, ಟೋಪಿ ಹಾಕದವನ ತಲೆ ಕಿತ್ತು ಚೆಂಡಾಡುತ್ತವೆ ಎಂಬ ನಂಬಿಕೆ ಅಲ್ಲಿ ಸಿಗುತ್ತದೆ. ಅಷ್ಟು ಚಳಿಯಲ್ಲಿ ಮಕ್ಕಳ ಕಿವಿ ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾವ ಅಜ್ಜಿಗೂ ಹೊಳೆದಿರಲಾರದು.

ಕೊನೆಯಲ್ಲಿ ಬಾಚಿ ಹಿಡಿದು ಹಿಮ ಕೆತ್ತುತ್ತಿರುವ ದೈತ್ಯನೊಬ್ಬನಿದ್ದಾನೆ. ಅವನನ್ನು ಕೊಲ್ಲುವುದಲ್ಲ, ಬಾಚಿ ಇಲ್ಲದಂತೆ ಮಾಡಿದರೆ ಸಾಕು. ಮುಂದಿನದು ನೀವೇ ಆಡಿ.

ನನಗೆ ಅಂಟಿಕೊಂಡದ್ದು ಆ ಒಪ್ಪಿಗೆಯ ಮಾತು. ನಮ್ಮಲ್ಲಿ 'ಜನಪದ' ಅಂದ ಕೂಡಲೇ ಅದು ಯಾರದ್ದೂ ಅಲ್ಲ ಎಂದಾಗಿಬಿಡುತ್ತದೆ. ಪದ ಒಬ್ಬರದ್ದು, ರಾಗ ಒಬ್ಬರದ್ದು, ಪೋಸ್ಟರಿನಲ್ಲಿ ಮೂರನೆಯವರ ಹೆಸರು. ಕೈಚಳಕಕ್ಕೇನೂ ಬರವಿಲ್ಲ, ಹೊರದೇಶದ ಎಷ್ಟೋ ಆಟಗಳ ಚಿತ್ರ, ಆನಿಮೇಷನ್ ಕೆಲಸ ಬೆಂಗಳೂರಿನಲ್ಲೇ ನಡೆಯುತ್ತದೆ. ಮಲೆ ಮಾದಪ್ಪನನ್ನು ಯಾರಾದರೂ ಆಟ ಮಾಡಹೊರಟರೆ ಮೊದಲು ಮಾಡುವುದು ಹುಲಿಯ ಚಿತ್ರ. ಎರಡನೆಯದು ಕಂಸಾಳೆಯನ್ನು ಆಯುಧ ಮಾಡುವುದು, ದಾರದ ತುದಿಯ ಕಂಚಿನ ತಾಳ ಬೀಸಿ ಹೊಡೆಯಲು ಹೇಳಿ ಮಾಡಿಸಿದಂತಿದೆಯಲ್ಲ! ಆದರೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಸಂಪ್ರದಾಯದಲ್ಲಿ ಅದನ್ನು ಕೈಗೆ ಹಿಡಿಯುವುದಕ್ಕೇ ಗುರುವಿನಿಂದ ದೀಕ್ಷೆಯಾಗಬೇಕು. ಗುಂಡಿ ಒತ್ತಿದರೆ ಸಿಗುವಂತೆ ಇಡಬಹುದೇ ಎಂದು ಅವರನ್ನು ಕೇಳಬೇಕು. ಬೇಡ ಅಂದರೆ ಬಿಡಬೇಕು. ದನಿಯೂ ರಾತ್ರಿಯಿಡೀ ಹಾಡುವ ಅವರದ್ದೇ ಆಗಬೇಕು, ಆ ಕಡೆಯ ಕನ್ನಡದಲ್ಲೇ. ಬೆಂಗಳೂರಿನ ಮಕ್ಕಳು ಬೇಕಿದ್ದರೆ ಸಬ್‌ಟೈಟಲ್ ಓದಿಕೊಳ್ಳಲಿ.

ಇದನ್ನೆಲ್ಲ ಹುಡುಗನಿಗೆ ವಿವರಿಸಿದೆ. ಅವನು ಕೇಳಿದ್ದು ಒಂದೇ:

"ಆಂಟಿ, ಆ ಹುಲಿ ಗೋಡೆ ಹತ್ತುತ್ತಾ?"