ದೋಣಿಯೊಳಗೆ ಬೆಂಕಿ

ಇವತ್ತು ಸಿಡ್ನಿ ಬಂದರಿನ ಹಳೇ ಚಿತ್ರಗಳು ಕಣ್ಣಿಗೆ ಬಿದ್ವು. 1788ರಲ್ಲಿ ಬ್ರಿಟಿಷರು ಬಂದಿಳಿದ ಮೇಲಿನ ವರ್ಷಗಳವು. ಬರೆದವರನ್ನ ‘ಪೋರ್ಟ್ ಜಾಕ್ಸನ್ ಪೇಂಟರ್’ ಅಂತಾರೆ; ಪೋರ್ಟ್ ಜಾಕ್ಸನ್ ಅಂದ್ರೆ ಇದೇ ಬಂದರು. ಒಬ್ಬನೋ, ಹಲವರೋ, ಗೊತ್ತಿಲ್ಲ.

ತೊಗಟೆ ದೋಣಿಯಲ್ಲಿ ಮೂಲನಿವಾಸಿ ಹೆಂಗಸು ಗಾಳ ಬಿಟ್ಟು ಕೂತಿದ್ದಾಳೆ. ಅದರೊಳಗೇ ಬೆಂಕಿ!
ತೊಗಟೆ ಸುಡಲ್ವಾ? ಇಲ್ಲ, ಬೆಂಕಿ ಕೆಳಗೆ ಜೇಡಿಮಣ್ಣಿನ ಹಾಸು. ಹಿಡಿದ ಮೀನು ಅಲ್ಲೇ ಸುಡೋದು.

ದೋಣಿ ಅಂದ್ರೆ ಒಂದೇ ಹಾಳೆ ತೊಗಟೆ. ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಎರಡೂ ತುದಿ ನೆರಿಗೆ ಕೂಡಿಸಿ ಬಳ್ಳಿಯಲ್ಲಿ ಬಿಗಿದು, ನಡುವೆ ಕಡ್ಡಿ ಕೊಟ್ಟು ಅಗಲಿಸ್ತಿದ್ರು. ಅಂಚು ನೀರಿಂದ ಕೆಲವೇ ಇಂಚು ಮೇಲೆ. ಅಲುಗಾಡಿದ್ರೆ ಮುಗೀತು.

ಗಾಳ ಚಿಪ್ಪು ಉಜ್ಜಿ ಮಾಡಿದ್ದು, ಕೊಕ್ಕೆಯ ತುದಿಗೆ ಮೀನನ್ನ ತಡೆಯೋ ಮುಳ್ಳಿಲ್ಲ. ದಾರ ಸಡಿಲ ಬಿಟ್ರೆ ಮೀನು ಜಾರುತ್ತೆ. ಆಗ ಗಾಳ ಹೆಂಗಸರದ್ದು, ಮೀನು ತಿವಿಯೋ ಈಟಿ ಗಂಡಸರದ್ದು.

ಈ ಚಿತ್ರಗಳಲ್ಲಿ ಮುಖಗಳನ್ನ ನಾನಂತೂ ನಂಬಲ್ಲ, ಎಲ್ಲಾ ಒಂದೇ ಥರ. ಕೈಲಿರೋ ಸಾಮಾನು ನೋಡಿ.