ವಿಡಿಯೊ ಗೇಮ್ ಗೈಡ್ ಪುಸ್ತಕಗಳು ಈಗಲೂ ಕೆಲಸಕ್ಕೆ ಬರುತ್ತವಾ?

ನನ್ನ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಗೇಮ್ ಗೈಡ್‌ಗಳನ್ನು ನೋಡಿದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಆಟದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡರೂ ಫೋನ್‌ನಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ, ವಿಡಿಯೊನೇ ಇರುತ್ತದೆ, ಹಾಗಿರುವಾಗ ಇಷ್ಟು ದಪ್ಪದ ಪುಸ್ತಕಗಳು ಯಾವ ಕೆಲಸಕ್ಕೆ ಬರುತ್ತವೆ? ಹಳೆಯ ಗೈಡ್ ಒಂದು ಮಾರಾಟಕ್ಕಿದೆ, ತಗೊಳ್ಳಲಾ ಬೇಡವಾ ಅಂತ ಕೇಳುವವರೂ ಇದ್ದಾರೆ. ಬಾಯಲ್ಲಿ ಹೇಳುವಾಗ ಪ್ರತಿ ಸಲ ಏನೋ ಒಂದು ಬಿಟ್ಟುಹೋಗುತ್ತದೆ. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ.

ಕೆಲವು ಗೈಡ್‌ಗಳು ಇವತ್ತಿಗೂ ತುಂಬಾ ಉಪಯೋಗಕ್ಕೆ ಬರುತ್ತವೆ. ಕೆಲವು ಅಂಗಡಿಗೆ ಬಂದ ದಿನವೇ ಹಳೆಯದಾಗಿದ್ದವು. ಯಾವುದು ಯಾವ ಗುಂಪಿನದು ಅಂತ ತಿಳಿಯಬೇಕಾದರೆ ಪುಸ್ತಕಕ್ಕಿಂತ ಮೊದಲು ಆಟವನ್ನು ನೋಡಬೇಕು. ಅಚ್ಚಾದ ಪುಸ್ತಕ ಬದಲಾಗುವುದಿಲ್ಲ. ಆಟವೂ ಹಾಗೇ ಉಳಿದಿದೆಯಾ? ನಾನು ಮೊದಲು ಕೇಳುವುದು ಇದನ್ನೇ.

ಪ್ಯಾಕ್‌ಮ್ಯಾನ್ ತಗೊಳ್ಳಿ. ಗೋಡೆಗಳ ನಡುವಿನ ದಾರಿಗಳಲ್ಲಿ, ಅಟ್ಟಿಸಿಕೊಂಡು ಬರುವ ದೆವ್ವಗಳಿಗೆ ಸಿಗದೆ ಚುಕ್ಕೆಗಳನ್ನು ತಿನ್ನುತ್ತಾ ಹೋಗುವ 1980ರ ಆಟ. ಅದು ಜನಪ್ರಿಯವಾದ ಕಾಲದಲ್ಲಿ ಅದನ್ನು ಗೆಲ್ಲುವುದು ಹೇಗೆ ಅಂತ ಹೇಳುವ ಪುಟ್ಟ ಪುಸ್ತಕಗಳು ಬಂದವು. ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟಾಟ ಆಡಿ ಹೆಸರು ಮಾಡಿದ್ದ ಕೆನ್ ಉಸ್ಟನ್ ಕೂಡ ಒಂದು ಬರೆದರು. ಇಂಥ ಪುಸ್ತಕಗಳಲ್ಲಿ ಇರುತ್ತಿದ್ದದ್ದು ದಾರಿಯ ಚಿತ್ರಗಳು: ಇಲ್ಲಿಂದ ಎಡಕ್ಕೆ, ಆಮೇಲೆ ಕೆಳಗೆ, ಈ ಮೂಲೆಯಲ್ಲಿ ತಿರುಗಿ. ಅದನ್ನು ಬಾಯಿಪಾಠ ಮಾಡಿಕೊಂಡು ತಪ್ಪಿಲ್ಲದೆ ಆಡಿದರೆ ದೆವ್ವಗಳು ಮುಟ್ಟುತ್ತಲೇ ಇರಲಿಲ್ಲ. ಕಾರಣ ಸರಳ. ಆ ದೆವ್ವಗಳು ನಮಗೆ ಕಂಡಷ್ಟು ಮನಸ್ಸಿಗೆ ಬಂದಂತೆ ಓಡಾಡುವುದಿಲ್ಲ. ನೀಲಿ ಬಣ್ಣಕ್ಕೆ ತಿರುಗಿ ದಿಕ್ಕೆಟ್ಟು ಓಡುವಾಗಲೂ ಯಂತ್ರ ಬಳಸುವ ಅಂಕಿಗಳ ಸಾಲು ಪ್ರತಿ ಲೆವೆಲ್‌ನಲ್ಲೂ ಒಂದೇ ಜಾಗದಿಂದ ಶುರುವಾಗುತ್ತದೆ. ನೀವು ಅದೇ ಹೊತ್ತಿಗೆ ಅದೇ ಕಡೆ ತಿರುಗಿದರೆ ಅವೂ ಅದೇ ಕಡೆ ತಿರುಗುತ್ತವೆ. ಅದೇ ಪ್ರೋಗ್ರಾಂ ಇರುವ ಯಂತ್ರದಲ್ಲಿ ಆ ಚಿತ್ರ ಇವತ್ತಿಗೂ ಸರಿ.

ಆದರೆ ಅದೇ ಪುಸ್ತಕ ಹಿಡಿದು ಮಿಸ್ ಪ್ಯಾಕ್‌ಮ್ಯಾನ್ ಆಡಲು ಹೋದರೆ ಉಪಯೋಗವಿಲ್ಲ. ಅದರಲ್ಲಿ ಗೋಡೆಗಳ ಜೋಡಣೆಯೇ ಬೇರೆ, ಜೊತೆಗೆ ಲೆವೆಲ್ ಶುರುವಾದಾಗ ಕೆಲವು ದೆವ್ವಗಳು ಯಾವ ಕಡೆ ತಿರುಗುತ್ತವೆ ಅಂತ ಮೊದಲೇ ಹೇಳಲು ಆಗದಂತೆ ಮಾಡಿದ್ದಾರೆ. ಬಾಯಿಪಾಠ ಅಲ್ಲಿಗೇ ಮುರಿದುಬೀಳುತ್ತದೆ.

ಕನ್ಸೋಲ್‌ಗಳು, ಅಂದರೆ ಗೇಮ್ ಆಡುವುದಕ್ಕೇ ಇರುವ ಯಂತ್ರಗಳು, ಇಂಟರ್‌ನೆಟ್‌ಗೆ ಸೇರಿಕೊಂಡ ಮೇಲೆ ಪುಸ್ತಕಕ್ಕೂ ಆಟಕ್ಕೂ ಹೊಂದದ ಈ ತೊಂದರೆ ಎಲ್ಲ ಕಡೆ ಹರಡಿತು. ಮಾರಾಟ ಶುರುವಾದ ದಿನವೇ ಆಟವನ್ನು ತಿದ್ದುವ ಪ್ಯಾಚ್ ಬರುತ್ತದೆ, ಆಮೇಲೆ ತಿಂಗಳಿಗೊಂದು. ಗೈಡ್ ಬರೆಯುವವರ ಕಷ್ಟವನ್ನೂ ನೋಡಿ. ಆಟ ಬಿಡುಗಡೆಯಾದ ದಿನವೇ ಪುಸ್ತಕವೂ ಪಕ್ಕದಲ್ಲಿರಬೇಕು ಅಂತ ಪ್ರಕಾಶಕರ ಆಸೆ. ಅಚ್ಚಾಗಿ ಅಂಗಡಿ ಸೇರುವುದಕ್ಕೆ ವಾರಗಟ್ಟಲೆ ಬೇಕು. ಅಂದರೆ ಅವರು ಆಡುವುದು ಇನ್ನೂ ಪೂರ್ತಿಯಾಗದ ಆಟವನ್ನು. ಒಂದು ಕತ್ತಿಯ ಬಲ ಪುಸ್ತಕದಲ್ಲಿ ಒಂದಿರುತ್ತದೆ, ನಿಮ್ಮ ಪರದೆಯಲ್ಲಿ ಇನ್ನೊಂದು. ಅವರು ಸುಳ್ಳು ಬರೆದಿಲ್ಲ, ಬರೆದ ದಿನ ಅದು ನಿಜವೇ ಆಗಿತ್ತು. ಆದರೆ ಓದುವವರಿಗೆ ಅದರಿಂದ ಏನೂ ಸಿಗಲಿಲ್ಲ, ಅಲ್ವಾ?

ಹಾಗಂತ ಹಳೆಯದಾದ ಪುಸ್ತಕ ಕಾಯಂ ಆಗಿ ಕೆಲಸಕ್ಕೆ ಬಾರದು ಅಂತಲೂ ಅಲ್ಲ. ಇಂಟರ್‌ನೆಟ್‌ನಲ್ಲಿ ತುಂಬಾ ಜನ ಒಟ್ಟಿಗೆ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂತು. 2010ರಲ್ಲಿ ಬಂದ ಒಂದು ವಿಸ್ತರಣೆ (ಆಟಕ್ಕೆ ಸೇರಿಸುವ ಹೊಸ ಭಾಗ) ಅದರ ಹಳೆಯ ಪ್ರದೇಶಗಳನ್ನೇ ಒಡೆದು ಹೊಸದಾಗಿ ಕಟ್ಟಿತು. ಮೊದಲಿನ ಮ್ಯಾಪ್‌ಗಳೆಲ್ಲ ಬರೀ ನೆನಪಾದವು. ಆದರೆ 2019ರಲ್ಲಿ ಅದೇ ಆಟವನ್ನು 2006ರ ಹೊತ್ತಿಗೆ ಇದ್ದ ರೂಪದಲ್ಲಿ ಕ್ಲಾಸಿಕ್ ಅಂತ ಮತ್ತೆ ಬಿಟ್ಟರು. ಒಂಬತ್ತು ವರ್ಷ ಸುಮ್ನೆ ಕೂತಿದ್ದ ಮ್ಯಾಪ್ ಪುಸ್ತಕಗಳಿಗೆ ಮತ್ತೆ ಜೀವ ಬಂತು. ಅಂಕಿಅಂಶಗಳು ಎಲ್ಲವೂ ಹೊಂದುವುದಿಲ್ಲ, ಆದರೆ ಬೆಟ್ಟ ಎಲ್ಲಿದೆ, ಹಳ್ಳಿಗೆ ದಾರಿ ಯಾವುದು ಅನ್ನುವುದು ಸರಿಹೋಗುತ್ತದೆ. ಅದಕ್ಕೇ ಯಾರಾದರೂ ಗೈಡ್ ಬಗ್ಗೆ ಕೇಳಿದರೆ ನಾನು ತಿರುಗಿ ಕೇಳುವುದು: ನೀವು ಆಡುತ್ತಿರುವುದು ಆ ಆಟದ ಯಾವ ಆವೃತ್ತಿ?

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಫೈನಲ್ ಫ್ಯಾಂಟಸಿ 12. 2006ರ ಮೂಲ ಆಟದಲ್ಲಿ ಝೋಡಿಯಾಕ್ ಸ್ಪಿಯರ್ ಅನ್ನುವ ಭರ್ಜಿ ಇದೆ, ಆ ಆಟದ ಅತಿ ಬಲವಾದ ಆಯುಧಗಳಲ್ಲಿ ಒಂದು. ಅದು ಒಂದು ಪೆಟ್ಟಿಗೆಯಲ್ಲಿ ಖಂಡಿತ ಸಿಗಬೇಕಾದರೆ ಅದಕ್ಕೂ ಮುಂಚೆ ಬರುವ ಬೇರೆ ನಾಲ್ಕು ಪೆಟ್ಟಿಗೆಗಳನ್ನು ನೀವು ತೆರೆದಿರಬಾರದು. ಅವು ನೋಡುವುದಕ್ಕೆ ಎಲ್ಲ ಪೆಟ್ಟಿಗೆಗಳ ಹಾಗೇ ಇವೆ. ಒಂದಂತೂ ಆಟ ಶುರುವಾದ ಸ್ವಲ್ಪ ಹೊತ್ತಿಗೇ, ಊರಿನ ಕೆಳಗಿನ ಕೇರಿಯಲ್ಲಿ ಎದುರಾಗುತ್ತದೆ. ತೆರೆಯಬೇಡ ಅಂತ ಆಟದಲ್ಲಿ ಯಾರೂ ಹೇಳುವುದಿಲ್ಲ. ಪೆಟ್ಟಿಗೆ ಕಂಡರೆ ತೆರೆಯುವುದೇ ಇಂಥ ಆಟಗಳಲ್ಲಿ ನಾವೆಲ್ಲ ಕಲಿತ ಮೊದಲ ಪಾಠ. ಇಂಥ ಕಡೆ ಗೈಡ್ ಬೇಕೇ ಬೇಕು. ಅದು ಆ ಜಾಗದ ಪುಟದಲ್ಲೇ ಎಚ್ಚರಿಸಬೇಕು. ಕೊನೆಯ ಅಧ್ಯಾಯದ ಆಯುಧಗಳ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿದರೆ ಹೇಳಿಯೂ ಹೇಳದಂತೆ. ಅಷ್ಟು ಹೊತ್ತಿಗೆ ಮೂರು ಪೆಟ್ಟಿಗೆ ತೆರೆದಾಗಿರುತ್ತದೆ.

2017ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಈ ನಾಲ್ಕು ಪೆಟ್ಟಿಗೆಗಳ ನಿಯಮವೇ ಇಲ್ಲ. ಅದನ್ನು ಆಡುವವರು ಹಳೆಯ ಗೈಡ್ ನಂಬಿಕೊಂಡು ನಾಲ್ಕು ಪೆಟ್ಟಿಗೆ ಸುಮ್ಮನೆ ಬಿಟ್ಟು ಹೋಗುತ್ತಾರೆ.

ಆಟ ಬದಲಾಗಿಲ್ಲ ಅಂತ ಗೊತ್ತಾದ ಮೇಲೆ ನಾನು ನೋಡುವುದು, ಬರೆದವರು ಕೈಯಾರೆ ಆಡಿ ನೋಡಿದ್ದಾರಾ ಅಥವಾ ಎಲ್ಲಿಂದಲೋ ಇಳಿಸಿಕೊಂಡಿದ್ದಾರಾ ಅನ್ನುವುದನ್ನು. ಇದನ್ನು ಕಂಡುಹಿಡಿಯಲು, ಪೋಕೆಮಾನ್ ಅನ್ನುವ ಬಗೆಬಗೆಯ ಜೀವಿಗಳನ್ನು ಕಾದಾಡಿಸುವ ಪೋಕೆಮಾನ್‌ನ ಮೊದಲ ಆಟಗಳ ಗೈಡ್‌ಗಳಿಗೆ ನನ್ನ ಬಳಿ ಒಂದು ಪರೀಕ್ಷೆ ಇದೆ. ಯಾವ ಜಾತಿಯ ಏಟು ಯಾವ ಜಾತಿಗೆ ಜಾಸ್ತಿ ತಗಲುತ್ತದೆ ಅನ್ನುವ ಕೋಷ್ಟಕ ತೆರೆಯುತ್ತೇನೆ. ಘೋಸ್ಟ್ (ದೆವ್ವ) ಜಾತಿಯ ಸಾಲಿನಲ್ಲಿ ಬೆರಳಿಟ್ಟು ಸೈಕಿಕ್ (ಮನಶ್ಶಕ್ತಿ) ಜಾತಿಯ ಕಂಬದವರೆಗೆ ಎಳೆಯುತ್ತೇನೆ. ಅಲ್ಲಿ ಎರಡುಪಟ್ಟು ಅಂತ ಇದ್ದರೆ ಪುಸ್ತಕ ಮುಚ್ಚುತ್ತೇನೆ. ಸೈಕಿಕ್ ಪೋಕೆಮಾನ್‌ಗಳಿಗೆ ಭಯ ಇರುವುದು ಘೋಸ್ಟ್ ಮತ್ತು ಬಗ್‌ (ಹುಳು) ಜಾತಿಗಳದ್ದು ಮಾತ್ರ ಅಂತ ಆಟದೊಳಗೇ ಒಬ್ಬ ಹೇಳುತ್ತಾನೆ, ಮಾಡಿದವರ ಉದ್ದೇಶವೂ ಅದೇ ಇದ್ದಿರಬೇಕು. ಆದರೆ ಪ್ರೋಗ್ರಾಂನಲ್ಲಿ ತಪ್ಪಾಗಿ, ಘೋಸ್ಟ್ ಜಾತಿಯ ಲಿಕ್ ಅನ್ನುವ ಏಟು ಸೈಕಿಕ್‌ಗೆ ಚೂರೂ ತಾಗುವುದಿಲ್ಲ. ಸೊನ್ನೆ. ಒಂದೇ ಒಂದು ಸಲ ಹೊಡೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಆ ಒಂದು ಮನೆಯಲ್ಲಿ ಸೊನ್ನೆ ಬರೆದವರು ಉಳಿದ ಮನೆಗಳನ್ನೂ ಹೊಡೆದು ನೋಡಿಯೇ ತುಂಬಿಸಿರುತ್ತಾರೆ ಅಂತ ನನಗೆ ಧೈರ್ಯ ಬರುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಆಟದಲ್ಲಿ ಇಂಥ ಒಂದು ಜಾಗ ಇದ್ದೇ ಇರುತ್ತದೆ. ಕೊಳ್ಳುವ ಮುಂಚೆ ಆ ಪುಟ ತೆರೆದು ನೋಡಿ.

ಇನ್ನು ಮ್ಯಾಪ್. ವಿಡಿಯೊಗಿಂತ ಪುಸ್ತಕ ಮೇಲು ಅಂತ ನಾನು ಗಟ್ಟಿಯಾಗಿ ಹೇಳುವುದು ಇಲ್ಲಿಯೇ. ಝೆಲ್ಡಾ ಸರಣಿಯ ಒಕಾರಿನಾ ಆಫ್ ಟೈಮ್‌ನಲ್ಲಿ ಬರುವ ವಾಟರ್ ಟೆಂಪಲ್ ಎಷ್ಟೋ ಜನರನ್ನು ಅಳಿಸಿದೆ. ಆ ಕಟ್ಟಡದಲ್ಲಿ ನೀರಿನ ಮಟ್ಟವನ್ನು ಮೂರು ಎತ್ತರಗಳಿಗೆ ಬದಲಾಯಿಸಬೇಕು, ಒಂದು ಬಾಗಿಲಿಗೆ ಹೋಗಲು ನೀರು ಕೆಳಗಿರಬೇಕು, ಇನ್ನೊಂದಕ್ಕೆ ನಡುವೆ. ನಡುವಿನ ಗೋಪುರದಲ್ಲಿ ನೀರು ಏರಿಸಿದಾಗ ಒಂದು ದೊಡ್ಡ ಕಲ್ಲು ತೇಲಿಕೊಂಡು ಮೇಲೆ ಬರುತ್ತದೆ. ಆಡುವವರ ಕಣ್ಣು ಕಲ್ಲಿನ ಜೊತೆ ಮೇಲಕ್ಕೇ ಹೋಗುತ್ತದೆ. ಕಲ್ಲು ಇದ್ದ ಜಾಗದಲ್ಲಿ, ತಳದಲ್ಲಿ, ಒಂದು ಬಿಲ ತೆರೆದುಕೊಂಡಿದೆ. ಬೇಕಾದ ಕೀ ಇರುವುದು ಅದರಾಚೆ. ಅದು ತಪ್ಪಿದರೆ ಗಂಟೆಗಟ್ಟಲೆ ಇಡೀ ಕಟ್ಟಡ ಸುತ್ತುತ್ತಾ ಇರಬೇಕು.

ವಿಡಿಯೊದಲ್ಲಿ ಆಡಿದವರು ಹೋದ ಕಡೆ ಮಾತ್ರ ಕಾಣುತ್ತದೆ, ಅದೂ ಅವರ ನೀರಿನ ಮಟ್ಟದಲ್ಲಿ. ನನ್ನ ಆಟದಲ್ಲಿ ನೀರು ಇನ್ನೆಲ್ಲೋ ಇರುತ್ತದೆ, ಎರಡು ಕೀ ಮೊದಲೇ ತೆಗೆದಿರುತ್ತೇನೆ. ವಿಡಿಯೊ ಹಿಂದೆ ಮುಂದೆ ಎಳೆದು ಎಳೆದು ಸಾಕಾಗುತ್ತದೆ. ಒಳ್ಳೆಯ ಮ್ಯಾಪ್‌ನಲ್ಲಿ ಮೂರು ಮಹಡಿಯೂ ಒಟ್ಟಿಗೆ ಕಣ್ಣ ಮುಂದಿರುತ್ತವೆ, ಯಾವ ಬಾಗಿಲಿಗೆ ಯಾವ ನೀರು ಅಂತ ಬಣ್ಣದಲ್ಲಿ ಗುರುತು ಇರುತ್ತದೆ. ಹಾಗಿದ್ದರೆ ನಾನು ಎಲ್ಲಿದ್ದರೂ ಅಲ್ಲಿಂದಲೇ ದಾರಿ ಹುಡುಕಬಹುದು. ಬರೀ ಮಹಡಿಗಳ ಚಿತ್ರ ಹಾಕಿ, ನೀರಿನ ಮಾತೇ ಇಲ್ಲದ ಮ್ಯಾಪ್ ಆದರೆ ಅದು ಆಟದೊಳಗೆ ಇರುವ ಮ್ಯಾಪ್‌ಗಿಂತ ಏನೂ ಜಾಸ್ತಿ ಅಲ್ಲ. (2011ರಲ್ಲಿ, ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಕನ್ಸೋಲ್‌ಗೆ ಬಂದ ಆವೃತ್ತಿಯಲ್ಲಿ ನೀರಿನ ಮಟ್ಟ ಬದಲಿಸುವ ಜಾಗಗಳಿಗೆ ದಾರಿ ತೋರುವ ಬಣ್ಣದ ಗೆರೆಗಳನ್ನು ಗೋಡೆಯ ಮೇಲೇ ಹಾಕಿಕೊಟ್ಟರು. ಅಷ್ಟು ಜನ ಅಲ್ಲಿ ಕಷ್ಟಪಟ್ಟಿದ್ದರು.)

ಕೇಳಿದ್ದಷ್ಟನ್ನೇ ಹೇಳಿ ಸುಮ್ಮನಾಗುವುದೂ ಒಂದು ದೊಡ್ಡ ಗುಣ. ಒಂದು ಬಾಗಿಲು ತೆರೆಯುವುದು ಹೇಗೆ ಅಂತ ನೋಡಲು ಪುಟ ತಿರುವಿದರೆ, ಎದುರು ಪುಟದಲ್ಲಿ ಇಡೀ ಪುಟ ತುಂಬಾ ಕೊನೆಯ ಬಾಸ್‌ನ, ಅಂದರೆ ಕೊನೆಯಲ್ಲಿ ಸೋಲಿಸಬೇಕಾದ ದೊಡ್ಡ ಎದುರಾಳಿಯ ಚಿತ್ರ. ನಿಮ್ಮ ಜೊತೆಗಿದ್ದ ಗೆಳೆಯನೇ ಅವನು ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ನನಗೆ ಹೀಗೆ ಆಗಿದೆ, ಆ ಬೇಜಾರು ಇನ್ನೂ ಹೋಗಿಲ್ಲ.

ಇದಕ್ಕೆ ಪರಿಹಾರ 1980ರ ದಶಕದಲ್ಲೇ ಸಿಕ್ಕಿತ್ತು. ಬರೀ ಅಕ್ಷರಗಳಲ್ಲಿ ನಡೆಯುವ ಸಾಹಸದ ಆಟಗಳನ್ನು ಮಾಡುತ್ತಿದ್ದ ಇನ್ಫೋಕಾಮ್ ಕಂಪನಿ, ತನ್ನ ಝೋರ್ಕ್ ಮೊದಲಾದ ಆಟಗಳಿಗೆ ಇನ್ವಿಸಿಕ್ಲೂಸ್ ಅನ್ನುವ ಪುಸ್ತಿಕೆಗಳನ್ನು ಮಾರುತ್ತಿತ್ತು. ಪ್ರಶ್ನೆಗಳು ಮಾಮೂಲಿ ಶಾಯಿಯಲ್ಲಿ, ಉತ್ತರಗಳು ಕಣ್ಣಿಗೆ ಕಾಣದ ಶಾಯಿಯಲ್ಲಿ. ಜೊತೆಗೆ ಕೊಟ್ಟ ಪೆನ್ನಿನಿಂದ ಉಜ್ಜಿದರೆ ಅಕ್ಷರ ಮೂಡುತ್ತಿತ್ತು. ಒಂದೊಂದು ಪ್ರಶ್ನೆಗೂ ಹಲವು ಉತ್ತರ: ಮೊದಲನೆಯದು ಬರೀ ಸುಳಿವು, ಆಮೇಲಿನದು ಇನ್ನಷ್ಟು ಬಿಡಿಸಿ, ಕೊನೆಯದು ಪೂರ್ತಿ ಪರಿಹಾರ. ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿ ಉಜ್ಜುವುದು ನಿಲ್ಲಿಸಬಹುದು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು: ಪ್ರಶ್ನೆಗಳನ್ನು ಓದಿಯೇ ಮುಂದೆ ಏನಿದೆ ಅಂತ ಯಾರೂ ಊಹಿಸಬಾರದು ಅಂತ, ಆಟದಲ್ಲಿ ಇಲ್ಲವೇ ಇಲ್ಲದ ವಿಷಯಗಳ ಬಗ್ಗೆಯೂ ನಡುನಡುವೆ ಪ್ರಶ್ನೆ ಸೇರಿಸಿದ್ದರು. ಆಡುವವರ ಖುಷಿಯನ್ನು ಇಷ್ಟು ಜೋಪಾನ ಮಾಡಿದ ಬೇರೆ ಗೈಡ್ ನಾನು ಕಂಡಿಲ್ಲ.

ಇದಕ್ಕೆ ತೀರಾ ವಿರುದ್ಧ ಅಂದರೆ 2000ದಲ್ಲಿ ಬಂದ ಫೈನಲ್ ಫ್ಯಾಂಟಸಿ 9ರ ಅಧಿಕೃತ ಗೈಡ್. ಪುಟಪುಟಕ್ಕೂ, ಹೆಚ್ಚಿನ ವಿವರಕ್ಕೆ ಪ್ಲೇಆನ್‌ಲೈನ್ ತಾಣಕ್ಕೆ ಹೋಗಿ ಈ ಪದ ಟೈಪ್ ಮಾಡಿ ಅಂತ ಬರೆದಿದ್ದರು. ಹಣ ಕೊಟ್ಟು ಪುಸ್ತಕ ತಂದವರು ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಕು. ಆ ತಾಣದ ಉತ್ತರಗಳು ಈಗ ಇಲ್ಲ. ಉಳಿದಿರುವುದು ಆ ಪದಗಳು ಮಾತ್ರ. ಯಾವ ಗೈಡ್ ಆದರೂ ತನ್ನ ಉತ್ತರವನ್ನು ಬೇರೆ ಕಡೆ ಇಟ್ಟಿದ್ದರೆ ಮುಟ್ಟಬೇಡಿ.

ಬೈಂಡಿಂಗ್ ಬಗ್ಗೆ ಎರಡೇ ಮಾತು. ಆಡುವಾಗ ಎರಡೂ ಕೈಯಲ್ಲಿ ಕಂಟ್ರೋಲರ್ ಇರುತ್ತದೆ. ಪುಸ್ತಕ ತಾನಾಗಿ ತೆರೆದುಕೊಂಡು ಮಲಗಬೇಕು. ಬೆನ್ನಿಗೆ ಬರೀ ಗೋಂದು ಹಾಕಿದ ದಪ್ಪ ಗೈಡ್‌ಗಳು ಮುಚ್ಚಿಕೊಳ್ಳುತ್ತವೆ, ಒತ್ತಿ ಇಟ್ಟರೆ ನಡುವಿನ ಹಾಳೆಗಳು ಕಿತ್ತುಬರುತ್ತವೆ. ಹಳೆಯದನ್ನು ಕೊಳ್ಳುವವರು ಮೊದಲು ಮ್ಯಾಪ್ ಇರುವ ಹಾಳೆಗಳನ್ನು ಎಣಿಸಿ, ಕಳೆದುಹೋಗುವುದು ಅವೇ.

ಈ ಪುಸ್ತಕಗಳ ಕಾಲ ಮುಗಿಯಿತಲ್ವಾ ಅಂತಲೂ ಕೇಳುತ್ತಾರೆ. ಬಹುಪಾಲು ಹೌದು. ಈ ವ್ಯಾಪಾರದ ಎರಡು ದೊಡ್ಡ ಹೆಸರುಗಳಾದ ಪ್ರೈಮಾ ಮತ್ತು ಬ್ರೇಡಿಗೇಮ್ಸ್ 2015ರಲ್ಲಿ ಒಂದಾದವು, 2018ರ ಕೊನೆಯಲ್ಲಿ ಪ್ರೈಮಾ ತನ್ನ ಪುಸ್ತಕಗಳನ್ನೇ ನಿಲ್ಲಿಸುವುದಾಗಿ ಹೇಳಿತು. ಆದರೆ ಪಿಗ್ಗಿಬ್ಯಾಕ್, ಫ್ಯೂಚರ್ ಪ್ರೆಸ್‌ನಂಥವರು ಆಮೇಲೂ ಮಾಡಿದ್ದಾರೆ. ಎಲ್ಡನ್ ರಿಂಗ್ 2022ರ ಫೆಬ್ರವರಿಯಲ್ಲಿ ಬಂತು. ಫ್ಯೂಚರ್ ಪ್ರೆಸ್‌ನ ಎರಡು ಸಂಪುಟಗಳ ಗೈಡ್ ಬಂದದ್ದು ತಿಂಗಳುಗಳು ಕಳೆದ ಮೇಲೆ. ಮೊದಲ ದಿನದ ಮಾರಾಟ ಬಿಟ್ಟುಕೊಟ್ಟು, ಆಟ ಒಂದು ಹದಕ್ಕೆ ಬರಲಿ ಅಂತ ಕಾದಂತೆ ಆಯಿತು. ಹೀಗೆ ತಡವಾಗಿ ಬರುವುದೇ ಸರಿ ಅಂತ ನನ್ನ ಅಭಿಪ್ರಾಯ. ಮೊದಲ ವಾರ ಗೈಡ್ ಯಾಕೆ ಬೇಕು? ಆ ವಾರ ದಾರಿ ತಪ್ಪುವುದರಲ್ಲೇ ಸುಖ ಇದೆ. ಗೈಡ್ ಬೇಕಾಗುವುದು ಎರಡನೇ ಸಲ ಆಡುವಾಗ, ಮೊದಲ ಸಲ ಏನೇನು ಬಿಟ್ಟೆ ಅಂತ ನೋಡುವುದಕ್ಕೆ.

ಹಾಗಾಗಿ ಮುಂದಿನ ಸಲ ನನ್ನ ಹತ್ತಿರ ಗೈಡ್ ಬಗ್ಗೆ ಕೇಳುವವರು ಪುಸ್ತಕದ ಮುಖಪುಟದ ಫೋಟೊ ಕಳಿಸಬೇಡಿ. ಆಟ ಯಾವ ವರ್ಷದ್ದು, ಯಾವ ಕನ್ಸೋಲ್‌ನಲ್ಲಿ ಆಡುತ್ತೀರಿ ಅಂತ ಬರೆಯಿರಿ, ನಡುವಿನ ಒಂದು ಮ್ಯಾಪ್ ಪುಟದ ಫೋಟೊ ತೆಗೆದು ಕಳಿಸಿ.