ಇಪ್ಪತ್ತು ವರ್ಷ ಬಿಟ್ಟ ಸಂಗೀತ ಮತ್ತೆ ಬರುತ್ತಾ?

"ಮದುವೆಗೆ ಮುಂಚೆ ಸರಳೆ, ಗೀತೆ ಮುಗಿಸಿ ವರ್ಣದವರೆಗೆ ಕಲಿತಿದ್ದೆ, ಆಮೇಲೆ ಬಿಟ್ಟೇ ಹೋಯಿತು. ಏನೋ ಕಳಕೊಂಡ ಹಾಗೆ ಅನ್ನಿಸುತ್ತೆ. ಆದರೆ ಈಗ ಗಂಟಲೇ ಏಳಲ್ಲ. ಮತ್ತೆ ಶುರು ಮಾಡಬಹುದಾ?" ಕರ್ನಾಟಕ ಸಂಗೀತದ ಪಾಠ ಹೇಳುವವರನ್ನು, ಕಲಿತು ಬಿಟ್ಟವರು ಕೇಳುವುದು ಇದನ್ನೇ.

ಧಾರಾಳವಾಗಿ ಮಾಡಬಹುದು. ಹೋಗಿರುವುದು ದಮ್ಮು, ದನಿಯ ಪಳಗಿಕೆ. ಕಿವಿ ಮತ್ತು ಲಯ ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಮದುವೆಮನೆಯಲ್ಲಿ ಯಾರೋ ಹಸೆಹಾಡು ಹೇಳುವಾಗ ಶ್ರುತಿ ಜಾರಿದರೆ ನಿಮಗೆ ಕಸಿವಿಸಿಯಾಗುತ್ತದೆಯೇ? ಟಿವಿಯಲ್ಲಿ ಕಛೇರಿ ಬಂದರೆ ಕಿರುಬೆರಳು ತಾನಾಗಿ ಎಣಿಕೆ ಶುರು ಮಾಡುತ್ತದೆಯೇ? ಇನ್ನೂ ಕಟ್ಟುನಿಟ್ಟಾಗಿ ನೋಡಬೇಕೆಂದರೆ ಫೋನಿನಲ್ಲಿ ತಂಬೂರಿಯ ನಾದ ಹಾಕಿಕೊಂಡು ಷಡ್ಜ, ಅಂದರೆ 'ಸ', ಹಿಡಿಯಿರಿ. ಕೂದಲೆಳೆ ಕೆಳಗಿದ್ದರೂ ಎರಡು ನಾದಗಳ ನಡುವೆ ಅಲೆಯಾಡಿದಂತೆ ಕೇಳುತ್ತದೆ. ಸರಿಯಾಗಿ ಕೂತಾಗ ಅಲೆ ನಿಲ್ಲುತ್ತದೆ, ನಿಮ್ಮ ದನಿ ತಂಬೂರಿಯೊಳಗೆ ಕರಗಿದಂತಾಗುತ್ತದೆ. ಈ ವ್ಯತ್ಯಾಸ ಕೇಳಿಸಿದರೆ ಮಿಕ್ಕದ್ದೆಲ್ಲ ಸಾಧನೆಯ ಮಾತು.

ಮೊದಲು ಎಡವುವುದು ಶ್ರುತಿಯಲ್ಲೇ, ಅಂದರೆ ಷಡ್ಜವನ್ನು ಎಷ್ಟು ಎತ್ತರಕ್ಕೆ ಇಟ್ಟುಕೊಳ್ಳಬೇಕು ಎಂಬಲ್ಲಿ. ಅದನ್ನು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಹುಡುಗಿಯಾಗಿದ್ದಾಗ ಆರು ಮನೆಯಲ್ಲಿ ಹಾಡಿದವರು ಈಗಲೂ ಆರೇ ಬೇಕೆನ್ನುತ್ತಾರೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಲ್ಲುವ ಕಾಲಕ್ಕೆ, ಹೆಂಗಸರ ದನಿ ಕೆಳಗಿಳಿಯುತ್ತದೆ. ಐದಕ್ಕೋ ನಾಲ್ಕೂವರೆಗೋ ಬಂದರೆ ಅವಮಾನವೇನಿಲ್ಲ. ಮಂದ್ರದ (ಕೆಳಗಿನ ಸ್ಥಾಯಿಯ) ಪಂಚಮ, ಅಂದರೆ 'ಪ', ಕೇಳಿಸುವಂತೆ ನಿಲ್ಲಬೇಕು, ತಾರದ (ಮೇಲಿನ ಸ್ಥಾಯಿಯ) ಗಾಂಧಾರ, ಅಂದರೆ 'ಗ', ಗದ್ದ ಎತ್ತದೆ ಸಿಗಬೇಕು. ಎರಡೂ ಆಗುವ ಮನೆಯೇ ನಿಮ್ಮದು. ಫೋನಿನ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ ಸರಿಯಾಗಿ ಕೇಳುವುದಿಲ್ಲ. ಇಯರ್‌ಫೋನ್ ಹಾಕಿ, ಒಂದೇ ಕಿವಿಗೆ. ಎರಡಕ್ಕೂ ಹಾಕಿದರೆ ನಿಮ್ಮ ದನಿ ನಿಮಗೇ ಸರಿಯಾಗಿ ಕೇಳದು.

ಆಮೇಲಿನ ಎಡವಟ್ಟು, ಬಿಟ್ಟ ಕಡೆಯಿಂದಲೇ ಹಿಡಿಯುವುದು. ವರ್ಣವನ್ನು ಎರಡು ಕಾಲದಲ್ಲಿ (ನಿಧಾನಕ್ಕೊಮ್ಮೆ, ಅದರ ಎರಡು ಪಟ್ಟು ವೇಗದಲ್ಲೊಮ್ಮೆ) ಹಾಡಿ ಮೂರನೇ ದಿನಕ್ಕೆ ಗಂಟಲು ಕಟ್ಟಿಸಿಕೊಂಡು ಕೂರುತ್ತಾರೆ. ಮೊದಲ ತಿಂಗಳು ದಿನಕ್ಕೆ 20 ನಿಮಿಷ ಸಾಕು. 5 ನಿಮಿಷ ಷಡ್ಜದಿಂದ ಮಂದ್ರಕ್ಕೆ ಇಳಿಯುತ್ತ, ಒಂದೊಂದು ಸ್ವರವನ್ನೂ ಆದಿತಾಳದ ಒಂದು ಆವರ್ತ, ಅಂದರೆ 8 ಎಣಿಕೆ, ನಿಲ್ಲಿಸಿ. ದಮ್ಮು ಆರನೇ ಎಣಿಕೆಗೆ ಮುಗಿದರೆ ಅಲ್ಲಿಗೇ ಬಿಡಿ, ಹಿಂಡಬೇಡಿ. 10 ನಿಮಿಷ ಮಾಯಾಮಾಳವಗೌಳ ರಾಗದ ಸರಳೆ, ಜಂಟಿ, ಅಂದರೆ ಮೊದಮೊದಲು ಕಲಿತ ಸ್ವರಪಾಠಗಳು. ಮೊದಲು ಸ್ವರ ಹೇಳಿ, ಆಮೇಲೆ ಅಕಾರದಲ್ಲಿ, ಬರೀ 'ಆ' ಎಂದು. ಬಣ್ಣ ಬಯಲಾಗುವುದು ಅಕಾರದಲ್ಲೇ. ಈ ರಾಗದ ರಿಷಭ, ಅಂದರೆ 'ರಿ', ಷಡ್ಜಕ್ಕೆ ಅಂಟಿಕೊಂಡಂತಿದೆ, ಗಾಂಧಾರ ದೂರ. ಆ ನೆಗೆತದ ಆತುರಕ್ಕೆ ರಿಷಭ ಮೇಲಕ್ಕೆ ಸರಿದುಬಿಡುತ್ತದೆ. ಉಳಿದ 5 ನಿಮಿಷ ನಿಮಗೆ ಚೆನ್ನಾಗಿ ಬರುವ ಒಂದು ದೇವರನಾಮ. ಇದನ್ನಂತೂ ತಪ್ಪಿಸಬೇಡಿ, ಬರೀ ಸರಳೆ ಹಾಡಿಕೊಂಡು ಹದಿನೈದು ದಿನ ದಾಟುವವರು ಕಡಿಮೆ.

ಹಳೆಯ ಪಾಠದ ನೋಟ್‌ಬುಕ್ ಅಟ್ಟದಲ್ಲಿ ಸಿಕ್ಕರೆ ಜೋಪಾನ. ಸ್ವರದ ಮೇಲಿನ ಚುಕ್ಕಿ ತಾರ, ಕೆಳಗಿನದು ಮಂದ್ರ. ಅಕ್ಷರಕ್ಕಿಂತ ಮೊದಲು ಮಾಸುವುದು ಈ ಚುಕ್ಕಿಗಳೇ. ಆಗ 'ಸ ನಿ ದ ಪ' ಎಂಬ ಸಾಲು ತಾರಷಡ್ಜದಿಂದ ಇಳಿಯುವುದೋ, ಮಧ್ಯಷಡ್ಜದಿಂದ ಮಂದ್ರಕ್ಕೆ ಹೋಗುವುದೋ ತಿಳಿಯದೆ ತಪ್ಪು ಸ್ಥಾಯಿಯಲ್ಲಿ ಗಟ್ಟಿ ಮಾಡಿಬಿಡುತ್ತೀರಿ. ಹಿಂದುಮುಂದಿನ ಸ್ವರಗಳ ಜೊತೆ ಹಾಡಿ ನೋಡಿ, ಚುಕ್ಕಿಗಳನ್ನು ಹೊಸದಾಗಿ ಇಡಿ.

ವಾರಕ್ಕೊಮ್ಮೆ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ; ಹಾಡಿದ ಕೂಡಲೇ ಕೇಳಿದರೆ ಮನಸ್ಸಿನಲ್ಲಿದ್ದದ್ದೇ ಕಿವಿಗೂ ಕೇಳುತ್ತದೆ. ಫೇಸ್‌ಬುಕ್ಕಿಗೆ ಹಾಕುವ ಅವಸರ ಬೇಡ. "ಸೂಪರ್ ಆಂಟಿ" ಎಂದು ಎಷ್ಟು ಜನ ಬರೆದರೂ ಮೇಲಕ್ಕೆ ಸರಿದ ರಿಷಭ ಕೆಳಗಿಳಿಯುವುದಿಲ್ಲ. ಹಾಡುವಾಗ ನೋವಾದರೆ ಅಂದಿಗೆ ನಿಲ್ಲಿಸಿ. ದನಿಯ ಒಡಕು ಮೂರು ವಾರವಾದರೂ ಹೋಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ನಾಲ್ಕು ಜನರ ಮುಂದೆ ಹಾಡಲು ಬಡಾವಣೆಯ ಭಜನಾ ಮಂಡಳಿ ಒಳ್ಳೆಯ ಜಾಗ. ಅಲ್ಲಿ ಶ್ರುತಿ ಮಾತ್ರ ಹಾರ್ಮೋನಿಯಂನವರ ಇಷ್ಟ. ನಿಮಗೆ ಮೇಲಾಯಿತೆಂದರೆ ಕಿರುಚಬೇಡಿ, ತಾಳ ಹಾಕುತ್ತ ಕೂತು, ಮುಂದಿನ ಹಾಡಿಗೆ ಐದು ಮನೆ ಕೊಡಿ ಎಂದು ಕೇಳಿ. ಕೇಳಿದರೆ ಕೊಡುತ್ತಾರೆ.